ಸರ್ವರ್ ಕೆಡಿಸಿದವರು

ಬೆಳಿಗ್ಗೆ ಕಾಲೇಜಿನ ಪ್ರಾಕ್ಸಿ ಸರ್ವರ್ ಶುರುವಾಗಲೇ ಇಲ್ಲ. ಎಲ್ಲ ಕಂಪ್ಯೂಟರುಗಳಿಗೂ ಆ ಒಂದು ಯಂತ್ರದ ಮೂಲಕವೇ ಇಂಟರ್ನೆಟ್ ಬರಬೇಕಿದ್ದುದರಿಂದ ಆನ್‌ಲೈನ್ ಪರೀಕ್ಷೆ ನಿಂತುಹೋಯಿತು. ಕಾಲೇಜಿನಲ್ಲಿ ತೆರೆಯದಂತೆ ತಡೆದಿದ್ದ ಸೀರೆ ಅಂಗಡಿಯ ಪುಟ ನೋಡುವ ಆಸೆಗೆ ಹಿಂದಿನ ದಿನ ಅದರ ಸೆಟ್ಟಿಂಗ್ ಫೈಲಿಗೆ ಒಂದು ಸಾಲು ಸೇರಿಸಿದ್ದವಳು ಕಂಪ್ಯೂಟರ್ ಲ್ಯಾಬಿನ ಸಹಾಯಕಿ ಪಂಕಜಾಕ್ಷಿ.

ಗುತ್ತಿಗೆ ಆಪರೇಟರ್ ಮರಿಸ್ವಾಮಿ ಎರಡು ಗಂಟೆ ಹುಡುಕಿ ಆ ತಪ್ಪು ಸಾಲನ್ನು ಅಳಿಸಿದ ಮೇಲೆ ಸರ್ವರ್ ಶುರುವಾಯಿತು.

"ಇದನ್ನ ಕೆಡಿಸಿದ್ದು ಯಾರು?" ಪ್ರಿನ್ಸಿಪಾಲರು ಸರ್ವರ್ ಮುಟ್ಟುವ ಇವರಿಬ್ಬರನ್ನೂ ಕರೆಸಿ ಕೇಳಿದರು.

ಪಂಕಜಾಕ್ಷಿ ಸೆರಗು ಸರಿಮಾಡಿಕೊಂಡಳು. ಮರಿಸ್ವಾಮಿ ಒಮ್ಮೆ ಅವಳತ್ತ ನೋಡಿ ತಲೆ ತಗ್ಗಿಸಿದ.

"ಸರ್ವರ್ ನಿನ್ನ ಜವಾಬ್ದಾರಿ ಮರಿಸ್ವಾಮಿ. ನಾಳೆಯಿಂದ ಬರಬೇಡ."

ಸಂಜೆ ಅವನು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಾಗ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಗೇಟಿನವರೆಗೂ ಓಡಿದಳು.

"ಮರಿಸ್ವಾಮಿ, ಆ ಸಾಲು ಬರೆದಿದ್ದು ನಾನು ಕಣಪ್ಪ. ಈಗಲೇ ಹೋಗಿ ಸಾರ್‌ಗೆ ಹೇಳಿಬಿಡ್ತೀನಿ."

ಅವನು ಚೀಲವನ್ನು ಹೆಗಲಿಗೇರಿಸಿಕೊಂಡ.

"ಯಾರು ಬರೆದ್ರು ಅಂತ ಸರ್ವರಲ್ಲೇ ದಾಖಲಾಗಿರುತ್ತೆ ಮೇಡಂ, ಬೆಳಿಗ್ಗೇನೇ ನೋಡಿದ್ದೆ. ಸಾರ್ ಕೇಳಿದಾಗ ನೀವೇ ಹೇಳ್ತೀರಿ ಅಂತ ಕಾದೆ."