ಖಾಲಿ ಗರಿಯ ಕಟ್ಟು

"ಖಾಲಿ ಗರಿ ನೋಡಾಕ ಕಲಬುರಗಿಯಿಂದ ಬಂದೀಯೇನು ತಂಗಿ?" ದೌಲತರಾಯ ತಾಳೆಗರಿಯ ಕಟ್ಟನ್ನು ಚೀಲದಿಂದ ಹೊರತೆಗೆದು ಸೃಷ್ಟಿಯ ಮುಂದಿಟ್ಟ. ಅದನ್ನು ಭೀಮಾ ನದಿಗೆ ಬಿಟ್ಟುಬರಲು ಜೇವರ್ಗಿ ಸಮೀಪದ ಹಳ್ಳಿಯ ಈ ಮನೆಯಿಂದ ಬೆಳಗ್ಗೆಯೇ ಹೊರಟಿದ್ದ. ಸೃಷ್ಟಿಯ ಫೋನ್ ಬಂತೆಂದು ಹೆಂಡತಿ ಗುರುಶಾಂತಮ್ಮ ತಡೆದಿದ್ದಳು.

ಆಕೆ ಮದುವೆಯಾಗಿ ಬಂದಾಗಿನಿಂದ ದಿನವೂ ಆ ಕಟ್ಟಿಗೆ ವಿಭೂತಿ ಹಚ್ಚಿ ಕೈಮುಗಿದವಳು. ಹಿಂದೊಮ್ಮೆ ಊರೂರಿನ ಹಸ್ತಪ್ರತಿಗಳ ಪಟ್ಟಿ ಮಾಡುತ್ತ ಬಂದವರು ಬಿಚ್ಚಿ ನೋಡಿ, ಒಂದಕ್ಷರವೂ ಇಲ್ಲ ಎಂದು ಹೇಳಿ ಹೋಗಿದ್ದರು. ಅಂದಿನಿಂದ ಗಂಡನಿಗೆ ಅದೇ ಚೇಷ್ಟೆ.

"ಏನೂ ಬರದಿಲ್ಲಂತ ಅವರೇ ಹೇಳ್ಯಾರ. ನೀ ಯಾಕ ಬಂದಿ?"

"ಅವರ ಪಟ್ಟಿ ನೋಡೇ ಬಂದೀನ್ರಿ ಕಾಕಾ."

ತಾನು ಕೆಲಸ ಮಾಡುವ ಗ್ರಂಥಾಲಯದಲ್ಲಿದ್ದ ಆ ಪಟ್ಟಿಯನ್ನು ಸೃಷ್ಟಿ ಕಂಪ್ಯೂಟರಿಗೆ ಏರಿಸಿದ್ದಳು. ಎಲ್ಲರೂ ಗ್ರಂಥದ ಹೆಸರು ಹಿಡಿದು ಹುಡುಕುತ್ತಾರೆ. ಅವಳು ಹೆಸರಿಲ್ಲದವನ್ನೇ ಬೇರೆ ಮಾಡಿ, ಗರಿಯ ಅಳತೆ, ದಾರ, ಕಟ್ಟಿನ ಮೇಲೆ ಕೆಳಗೆ ಇಡುವ ಮರದ ಹಲಗೆಗಳನ್ನು ಹೋಲಿಸಿ ನೋಡಿದ್ದಳು. ಖಾಲಿ ಗರಿಗೆ ಕೆತ್ತನೆಯ ಹಲಗೆ ಕಟ್ಟಿದ್ದು ಇದೊಂದೇ.

"ಬರೀ ಗರಿಗಿ ಯಾರರ ಇಷ್ಟು ಚೆಂದ ಹಲಗಿ ಮಾಡಸ್ತಾರೇನ್ರಿ?"

ಅಕ್ಷರ ಕಾಣದಿದ್ದರೂ ಹಲಗೆಯ ವಿವರವನ್ನು ಬಿಡದೆ ಬರೆದಿಟ್ಟ ಆ ಅಪರಿಚಿತರನ್ನು ಅವಳು ದಾರಿಯುದ್ದಕ್ಕೂ ನೆನೆದಿದ್ದಳು.

ಗರಿಯ ಮೇಲೆ ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದಳು. ಕೂದಲೆಳೆಯಂಥ ಗೀರುಗಳು. ನೂರಾರು ವರ್ಷಗಳ ಹಿಂದೆ ಯಾರೋ ಲೋಹದ ಮೊನೆಯಿಂದ ಅಕ್ಷರ ಕೊರೆದಿದ್ದರು. ಅವುಗಳಿಗೆ ಮಸಿ ತುಂಬುವುದು ಮಾತ್ರ ಉಳಿದುಹೋಗಿತ್ತು.

"ಕಾಕಿ, ಕಾಡಿಗಿ ಹಚ್ಚಲೇನ್ರಿ?"

ಗುರುಶಾಂತಮ್ಮ ಗಂಡನ ಮುಖ ನೋಡಲಿಲ್ಲ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ತಂದಳು. ಸೃಷ್ಟಿ ಒಂದು ಗರಿಗೆ ಹಚ್ಚಿ, ಅರಿವೆಯಿಂದ ಮೆಲ್ಲಗೆ ಒರೆಸಿದಳು. ಹಳೆಯ ಕನ್ನಡ ಅಕ್ಷರಗಳು ಕಪ್ಪಗೆ, ಸಾಲುಸಾಲಾಗಿ ಎದ್ದುಬಂದವು.

ಅವಳು ಕೂಡಿಸಿ ಕೂಡಿಸಿ ಓದಿದಳು. ದೇವರ ಹೆಸರು ಎಲ್ಲೂ ಇರಲಿಲ್ಲ. ಇದ್ದದ್ದು ದನಗಳ ಔಷಧ: ಕೆಚ್ಚಲು ಬಾತರೆ ಏನು ಹಚ್ಚಬೇಕು, ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದರೆ ಏನು ಮಾಡಬೇಕು.

"ಇಷ್ಟು ವರ್ಷ ದನದ ಔಷಧಕ್ಕ ಪೂಜಿ ಮಾಡಿದಿ ನೋಡು," ದೌಲತರಾಯ ನಕ್ಕ.

"ಬಾಯಿಲ್ಲದ ಜೀವದ ಸಂಕಟ ತಿಳದು ಬರದಾರಲ್ಲ, ಅಷ್ಟು ಸಾಕು," ಎನ್ನುತ್ತ ಗುರುಶಾಂತಮ್ಮ ಹಲಗೆಯನ್ನು ಕಣ್ಣಿಗೊತ್ತಿಕೊಂಡಳು.

ಅವನು ಗರಿಯ ಹತ್ತಿರ ಸರಿದು ಕುಳಿತ. ಆಮೇಲೆ ದನಿ ತಗ್ಗಿಸಿ, "ನಮ್ಮ ಎಮ್ಮಿ ಕೆಚ್ಚಲನೂ ಬಾತದ ತಂಗಿ. ಏನ್ ಹಚ್ಚಬೇಕಂತ ಬರದಾರ, ನೋಡಿ ಹೇಳು," ಎಂದ.

"ಮೊದಲ ಕೈ ಮುಗೀರಿ," ಎಂದಳು ಗುರುಶಾಂತಮ್ಮ. "ಆಮ್ಯಾಗ ಕೇಳ್ರಿ."