ಹೆಸರು ಬದಲಿಸಲಾಗಿದೆ

ಕೆಲಸದ ಹೊತ್ತಿನಲ್ಲಿ ಜಯಶೀಲ ತನ್ನ ಹಾಸ್ಟೆಲ್ಲಿನ ಬಾಗಿಲಲ್ಲಿ ನಿಂತಿದ್ದನ್ನು ಕಂಡಾಗಲೇ ಏನೋ ಎಡವಟ್ಟಾಗಿದೆ ಎಂದು ವಿಭಾಳಿಗೆ ಅನ್ನಿಸಿತು. ಏಷ್ಯಾದ ಅಗ್ಗದ ಬಟ್ಟೆಯ ಹಿಂದಿರುವ ಹೆಂಗಸರ ದುಡಿಮೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಅವಳ ಲೇಖನ ಭಾನುವಾರದ ಪತ್ರಿಕೆಯಲ್ಲಿ ಬಂದಿತ್ತು. ಅದರಲ್ಲಿದ್ದ ಮಾತುಗಳೆಲ್ಲ ಜಯಶೀಲಳವು. ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೊಲಿಗೆ ಕೆಲಸ ಬಿಟ್ಟರೆ ಜಯಶೀಲಳಿಗೆ ಬೇರೆ ಗತಿಯಿರಲಿಲ್ಲ.

“ಬನ್ನಿ ಅಕ್ಕ. ಇವತ್ತು ಕೆಲಸ ಇಲ್ವಾ?”

“ಹುಷಾರಿಲ್ಲ ಅಂತ ಹೇಳಿ ಬಂದೆ. ನೀವು ಬರ್ದಿದ್ದು ಫ್ಯಾಕ್ಟ್ರಿಲಿ ಎಲ್ಲಾರ ಮೊಬೈಲ್‌ಗೂ ಬಂದದೆ, ಮೇಡಂ. ಮ್ಯಾನೇಜರೂ ಓದವ್ರೆ.”

ವಿಭಾ ಅವಳನ್ನು ಒಳಗೆ ಕರೆದು ಕೂರಿಸಿದಳು. “ಫ್ಯಾಕ್ಟರಿ ಹೆಸರು ನಾನು ಬರೆದೇ ಇಲ್ವಲ್ಲ?”

“ಬರೀಬೇಕಾ? ಟಾಯ್ಲೆಟ್‌ಗೆ ಹೋಗಕ್ಕೂ ಟೋಕನ್ ಕೊಡೋ ಘನಂದಾರಿ ಫ್ಯಾಕ್ಟ್ರಿ ಇಲ್ಲಿ ನಮ್ದೊಂದೇಯ.”

“ನಿಮ್ಮ ಹೆಸರೂ ಹಾಕಿಲ್ಲ ಅಕ್ಕ. ಯಾರಿಗೂ ಗೊತ್ತಾಗಬಾರದು ಅಂತ ಯಶೋದ ಅಂತ ಬದಲಾಯಿಸಿದ್ದೀನಿ. ಆದ್ರೂ ನಿಮ್ಮನ್ನ ಕರೆಸಿದ್ರಾ?”

“ಇಲ್ಲ.”

“ಬೈದ್ರಾ?”

“ನನ್ ಕಡೆ ತಿರುಗೂ ನೋಡ್ನಿಲ್ಲ.”

ವಿಭಾಳಿಗೆ ಹೋದ ಜೀವ ಬಂದಂತಾಯಿತು. ಲೋಟದಲ್ಲಿ ನೀರು ತಂದುಕೊಟ್ಟಳು. ಜಯಶೀಲ ಅದನ್ನು ಕುಡಿಯದೆ ಕೆಳಗಿಟ್ಟು, ಯಾರಾದರೂ ಬಂದರೇನೋ ಎಂಬಂತೆ ಬಾಗಿಲ ಕಡೆ ತಿರುಗಿ ನೋಡಿದಳು.

“ಯಾಕಕ್ಕ ಹೀಗೆ ಹೆದರಿದ್ದೀರಿ? ನಿಮಗೇನೂ ಆಗಿಲ್ವಲ್ಲ.”



“ಮಾತಾಡ್ದೋಳು ನಾನಲ್ಲ ನಾನಲ್ಲ ಅಂತ ಕೂಗ್ತಾನೇ ಇದ್ಲು ಮೇಡಂ, ಬೆಳಿಗ್ಗೆ ನನ್ ಪಕ್ಕದ ಮಿಷನ್ನಿನ ಯಶೋದನ್ನ ಗೇಟಿಂದ ಆಚೆ ತಳ್ಳುವಾಗ.”