ಎಡೆಯ ಮುಂದಿನ ಫೋನು

"ಹಬ್ಬದ ಎಡೆಗೆ ನೀವು ಎಣ್ಣೇಲಿ ಏನೇನು ಕರಿದು ಇಡ್ತೀರಿ ಅಂತ ನೋಡ್ಬೇಕು, ಅಷ್ಟೇ," ಎಂದಳು ವಿಡಿಯೊ ಕಾಲ್‌ನಲ್ಲಿದ್ದ ಎಣ್ಣೆ ಕಂಪನಿಯ ಸಂಶೋಧಕಿ. "ಫೋನ್ ಎಲ್ಲಾದ್ರೂ ಒರಗಿಸಿಡಿ. ನಾನು ತುಟಿ ಬಿಚ್ಚಲ್ಲ."

"ಬಿಚ್ಚಲೇಬೇಡಿ ಮೇಡಂ. ನಮ್ಮತ್ತೆಗೆ ಗೊತ್ತಾದ್ರೆ ನನ್ನ ಕಥೆ ಮುಗೀತು," ಎಂದಳು ಸೊಸೆ.

ಅಂದು ಹಿರಿಯರ ಹಬ್ಬ. ತೀರಿಕೊಂಡವರ ಫೋಟೊಗಳನ್ನು ಸಾಲಾಗಿ ಇಟ್ಟಿದ್ದರು. ಎಡೆ ಚೆನ್ನಾಗಿ ಕಾಣಲೆಂದು ಸೊಸೆ ಆ ಸಾಲಿನ ತುದಿಯಲ್ಲೇ ಫೋನನ್ನು ನಿಲ್ಲಿಸಿದಳು.

ಅತ್ತೆ ಎರಡು ಲೀಟರ್ ಎಣ್ಣೆಯಲ್ಲಿ ಕರಿದ ವಡೆಗಳನ್ನು ತಂದು ಬಾಳೆಲೆಯ ತುಂಬ ಬಡಿಸಿದರು. ಅವರಿಗೆ ಕಣ್ಣು ಮಂಜು. ಫೋಟೊಗಳ ಜೊತೆ ಫೋನಿಗೂ ಒಂದು ಹೂ ಏರಿಸಿದರು. ಆಮೇಲೆ ತಮ್ಮ ಅತ್ತೆಯ ಫೋಟೊ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇದ್ದಷ್ಟು ದಿನ ಎಣ್ಣೆ ಡಬ್ಬಿಗೆ ಬೀಗ ಹಾಕಿದ್ರಲ್ಲ ಅತ್ತೆ! ಈಗ ನೋಡಿ, ಕೇಳೋರು ಯಾರು?"

ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲೆಂದು ಬಾಗಿಲು ಹಾಕಿ ಹೊರಗೆ ನಿಲ್ಲುವುದು ಆ ಮನೆಯ ಪದ್ಧತಿ. ಎಲ್ಲರೂ ಜಗಲಿಯಲ್ಲಿ ಸದ್ದಿಲ್ಲದೆ ನಿಂತರು.

ಖಾಲಿ ಕೋಣೆಯನ್ನು ನೋಡಿ ನೋಡಿ ಸಂಶೋಧಕಿಗೆ ಸಾಕಾಯಿತು. ಮುಚ್ಚಿದ ಬಾಗಿಲ ಒಳಗಿನಿಂದ ಹೆಣ್ಣುದನಿಯೊಂದು ಗಟ್ಟಿಯಾಗಿ ಕೇಳಿತು:

"ಇಷ್ಟೊಂದು ವಡೆಗೆ ಎಣ್ಣೆ ಎಷ್ಟು ಖರ್ಚಾಯ್ತು?"

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಹೊಸಿಲಿಗೆ ಅಡ್ಡಬಿದ್ದಿದ್ದರು.

"ನಿಮ್ಮಾಣೆಗೂ ಅರ್ಧ ಲೀಟರ್ ಅಷ್ಟೇ ಅತ್ತೆ. ಅದನ್ನೂ ಸುರಿದವಳು ಇವಳು!"